ಉಧ್ನಾ ಸ್ಟೇಷನ್‌ನಿಂದ ಅಮೆರಿಕ ಎಷ್ಟು ದೂರ?

ಇವತ್ತಿನ ಮಾತು ಸ್ವಲ್ಪ ಉದ್ದ ಇದೆ, ಚಹಾ ಇಟ್ಕೊಂಡೇ ಕೂತ್ಕೊಳ್ಳಿ.

2025ರ ಸೆಪ್ಟೆಂಬರಿನಲ್ಲಿ ಎಂಟು ದಿನದ ಅಂತರದಲ್ಲಿ ಎರಡು ಸುದ್ದಿ ಬಂದವು. ಮೊದಲನೇದು ನಿಮಗೆಲ್ಲ ಗೊತ್ತು. ಸೆಪ್ಟೆಂಬರ್ 19ಕ್ಕೆ ಅಧ್ಯಕ್ಷ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಹೊರದೇಶದಲ್ಲಿರುವ ಒಬ್ಬರನ್ನು ಹೊಸದಾಗಿ ಎಚ್-1ಬಿ ವೀಸಾದಲ್ಲಿ ಕರೆಸಿಕೊಳ್ಳಬೇಕಾದರೆ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ. ಆ ರಾತ್ರಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಯಾರೂ ಮಲಗಲಿಲ್ಲ. ರಜೆಗೆ ಊರಿಗೆ ಬಂದವರು ಸಿಕ್ಕ ವಿಮಾನ ಹಿಡಿದು ವಾಪಸ್ ಓಡಿದರು.

ಎರಡನೇ ಸುದ್ದಿ ನಿಮ್ಮಲ್ಲಿ ಬಹಳ ಜನರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಸೆಪ್ಟೆಂಬರ್ 27ರಂದು ಒಡಿಶಾದ ಝಾರ್ಸುಗುಡಾದಲ್ಲಿ ಪ್ರಧಾನಿ ಮೋದಿ ಒಂದು ಹೊಸ ರೈಲಿಗೆ ಹಸಿರು ನಿಶಾನೆ ತೋರಿಸಿದರು. ಗಂಜಾಂ ಜಿಲ್ಲೆಯ ಬ್ರಹ್ಮಪುರದಿಂದ ಸೂರತ್‌ನ ಉಧ್ನಾಕ್ಕೆ ಅಮೃತ್ ಭಾರತ್ ಎಕ್ಸ್‌ಪ್ರೆಸ್. ಎಸಿ ಬೋಗಿ ಇಲ್ಲ, ಬರೀ ಸ್ಲೀಪರ್ ಮತ್ತು ಜನರಲ್. ಒಂದು ಸಮುದ್ರದ ದಂಡೆಯಿಂದ ಇನ್ನೊಂದು ಸಮುದ್ರದ ದಂಡೆಗೆ.

ನಾನು ಇರೋದು ಈ ಉಧ್ನಾದಲ್ಲಿ. ಹೆಂಡತಿಗೆ ಬ್ಯಾಂಕಿನಲ್ಲಿ ಸೂರತ್‌ಗೆ ವರ್ಗ ಆಯ್ತು, ನನ್ನ ಕೆಲಸ ಹೇಗಿದ್ರೂ ಲ್ಯಾಪ್‌ಟಾಪಿನದು, ಗಂಟುಮೂಟೆ ಕಟ್ಟಿಕೊಂಡು ಬಂದ್ವಿ. ಬೆಂಗಳೂರಿನ ಕಂಪನಿ, ಅಮೆರಿಕದ ಕ್ಲೈಂಟ್, ಸಂಜೆ ಏಳಕ್ಕೆ ಸ್ಟ್ಯಾಂಡಪ್ ಕಾಲ್. ನಮ್ಮ ಬಿಲ್ಡಿಂಗಿನ ಹಿಂದೆ ಪವರ್‌ಲೂಮ್ ಶೆಡ್‌ಗಳ ಸಾಲು. ಇಲ್ಲಿನವರು ಲೂಮಿಗೆ ಸಾಂಚಾ ಅಂತಾರೆ. ಸಂಜೆ ಏಳರ ಹೊತ್ತಿಗೆ ಅಲ್ಲಿ ಶಿಫ್ಟ್ ಬದಲಾಗುತ್ತೆ. ಹಗಲು ಹನ್ನೆರಡು ಗಂಟೆ ನಿಂತವರು ಹೊರಗೆ, ರಾತ್ರಿ ಹನ್ನೆರಡು ಗಂಟೆ ನಿಲ್ಲುವವರು ಒಳಗೆ. ಆಮೇಲೆ ಖಟ್ ಖಟ್ ಖಟ್. ಹೆಡ್‌ಫೋನಿನ ನಾಯ್ಸ್ ಕ್ಯಾನ್ಸಲೇಶನ್ನಿಗೂ ಅದು ಪೂರ್ತಿ ಬಗ್ಗಲ್ಲ.

ಅಮೆರಿಕನ್ ಡ್ರೀಮ್ ಅನ್ನೋ ಮಾತು ಇವತ್ತು ಯಾರಿಗೆ ಏನು ಅಂತ ಮಾತಾಡಬೇಕು ಅನ್ನಿಸಿದಾಗ, ಕ್ಯಾಲಿಫೋರ್ನಿಯಾ, ಡಲ್ಲಾಸ್ ಎಲ್ಲ ಬಿಟ್ಟು ಇಲ್ಲಿಂದಲೇ ಶುರು ಮಾಡೋಣ ಅನ್ನಿಸ್ತು. ಯಾಕಂದ್ರೆ ಅಮೆರಿಕದ ಆಸೆಗೆ ಈ ಊರಷ್ಟು ಹಳೇ ಗಿರಾಕಿ ನಮ್ಮ ದೇಶದಲ್ಲಿ ಸಿಗೋದು ಕಷ್ಟ.

ಮೊದಲು ಆ ಪದದ ಕತೆ. ಅದನ್ನ ಜನಪ್ರಿಯ ಮಾಡಿದ್ದು ಜೇಮ್ಸ್ ಟ್ರಸ್ಲೋ ಆಡಮ್ಸ್ ಅನ್ನೋ ಇತಿಹಾಸಕಾರ, 1931ರಲ್ಲಿ, 'ದಿ ಎಪಿಕ್ ಆಫ್ ಅಮೆರಿಕ' ಅನ್ನೋ ಪುಸ್ತಕದಲ್ಲಿ. ವರ್ಷ ಗಮನಿಸಿ. ಮಹಾ ಆರ್ಥಿಕ ಕುಸಿತದ ನಡುಮಧ್ಯೆ. ಪುಸ್ತಕಕ್ಕೆ 'ದಿ ಅಮೆರಿಕನ್ ಡ್ರೀಮ್' ಅಂತಲೇ ಹೆಸರಿಡಬೇಕು ಅಂತ ಅವನ ಆಸೆ, ಪ್ರಕಾಶಕರು ಒಪ್ಪಲಿಲ್ಲ. ಕನಸಿಗೆ ದುಡ್ಡು ಕೊಟ್ಟು ಯಾರು ಕೊಳ್ತಾರೆ ಅನ್ನೋದು ಅವರ ಅನುಮಾನ. ಆಮೇಲೆ ಜಗತ್ತು ಕೊಟ್ಟ ದುಡ್ಡು ನೋಡಿದ್ರೆ ಆ ಪ್ರಕಾಶಕರ ವ್ಯಾಪಾರದ ಬುದ್ಧಿ ಬಗ್ಗೆ ನಗು ಬರುತ್ತೆ. ಆಡಮ್ಸ್ ಹೇಳಿದ್ದು ಕಾರು, ದೊಡ್ಡ ಸಂಬಳ ಇಷ್ಟರ ಬಗ್ಗೆ ಅಲ್ಲ. ಹುಟ್ಟಿದ ಮನೆ ಯಾವುದೇ ಇರಲಿ, ಮನುಷ್ಯ ತನ್ನ ಯೋಗ್ಯತೆ ಇದ್ದಷ್ಟು ಎತ್ತರಕ್ಕೆ ಬೆಳೆಯೋದಕ್ಕೆ ಅವಕಾಶ ಇರೋ ಸಮಾಜದ ಬಗ್ಗೆ. ಅವನು ಅದನ್ನ ಬರೆಯೋ ಹೊತ್ತಿಗೆ ಭಾರತದವರಿಗೆ ಅಲ್ಲಿ ಬಾಗಿಲು ಮುಚ್ಚಿ ಹದಿನಾಲ್ಕು ವರ್ಷ ಆಗಿತ್ತು. 1917ರ ಕಾನೂನು ಏಷ್ಯಾದ ಬಹುಪಾಲನ್ನು 'ನಿಷಿದ್ಧ ವಲಯ' ಅಂತ ಗೆರೆ ಎಳೆದು ಹೊರಗಿಟ್ಟಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ನಾಗರಿಕರಾಗೋದಕ್ಕೆ ಅರ್ಹರಲ್ಲ ಅಂದಿತು. ಆ ಥಿಂಡ್, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವರು.

ಆದ್ರೆ ಅಮೆರಿಕದ ಜೊತೆ ನಮ್ಮವರ ಹಣದ ನಂಟು ಅದಕ್ಕಿಂತ ಬಹಳ ಹಿಂದಿನದು. ಇಲ್ಲಿ ನಾನು ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ನಮ್ಮ ಗದಗ ಬರುತ್ತೆ.

1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿಕೊಂಡಿತು. ಭಾರತದಲ್ಲಿ ಅಮೆರಿಕದ ಜಾತಿಯ ಹತ್ತಿ ಬೆಳೆದು ತೋರಿಸಿ, ನಮ್ಮ ರೈತರಿಗೆ ಕಲಿಸಿ ಅಂತ. ಇವತ್ತಿನ ಮಾತಿನಲ್ಲಿ ಹೇಳೋದಾದ್ರೆ ಅವರೇ ಆನ್‌ಸೈಟ್ ಬಂದರು, ನಮ್ಮ ಕಡೆಗೆ. ಕೆಲವರನ್ನು ಸೂರತ್‌ನ ಪಕ್ಕದ ಭರೂಚ್ ಸೀಮೆಗೆ ಹಾಕಿದರು. ಅಲ್ಲಿ ಪ್ರಯೋಗ ಕೈಕೊಟ್ಟಿತು. ಧಾರವಾಡ ಸೀಮೆಯಲ್ಲಿ ಹಿಡೀತು. ನ್ಯೂ ಓರ್ಲಿಯನ್ಸ್ ಬೀಜ ನಮ್ಮ ಕಪ್ಪು ಮಣ್ಣಿಗೆ ಒಗ್ಗಿತು. ಪೇಟೆಯಲ್ಲಿ ಅದಕ್ಕೆ 'ಧಾರವಾರ್-ಅಮೆರಿಕನ್' ಅಂತ ಹೆಸರು ಬಿತ್ತು. ನಮ್ಮ ರೈತರು ಅದನ್ನ ವಿಲಾಯ್ತಿ ಹತ್ತಿ ಅಂದ್ರು, ತಮ್ಮದನ್ನ ಜವಾರಿ ಹತ್ತಿ ಅಂದ್ರು. ಸಮುದ್ರದಾಚೆಯದೆಲ್ಲ ವಿಲಾಯ್ತಿನೇ, ಅಮೆರಿಕ ಆದ್ರೇನು ಇಂಗ್ಲೆಂಡ್ ಆದ್ರೇನು. ಹತ್ತಿ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗ್ತಿದ್ವು. ಅದಕ್ಕೇ ನಮ್ಮ ಹತ್ತಿಗೆ ಲಿವರ್‌ಪೂಲ್ ಪೇಟೆಯಲ್ಲಿ 'ಕುಮ್ಟಾ' ಅಂತಲೂ ಹೆಸರಿತ್ತು.

ಗುಜರಾತಿನ ಹತ್ತಿಗೆ ಅಲ್ಲಿ ಇದ್ದ ಹೆಸರು 'ಸೂರತ್'. ಎಷ್ಟರ ಮಟ್ಟಿಗೆ ಅಂದ್ರೆ, ಭಾರತದಿಂದ ಬಂದ ಹತ್ತಿಯನ್ನೆಲ್ಲ ಒಟ್ಟಾರೆ ಸೂರತ್ ಅಂತಲೇ ಕರೀತಿದ್ರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿಗೆ ಹಾಕಿತು, ಗುಲಾಮರು ಬೆಳೆದ ಹತ್ತಿ ಹೊರಗೆ ಹೋಗೋದು ನಿಂತಿತು. ಲಂಕಾಶೈರಿನ ಗಿರಣಿಗಳು ಒಣಗಿದವು. ಆಗ ಅವರು ಬಂದದ್ದು ಸೂರತ್ ಹತ್ತಿಗೆ. ಆದ್ರೆ ಅದರ ಎಳೆ ಗಿಡ್ಡ. ಉದ್ದ ಎಳೆಗೆ ಹೊಂದಿಸಿದ ಅಲ್ಲಿನ ಯಂತ್ರದಲ್ಲಿ ದಾರ ಪದೇ ಪದೇ ತುಂಡಾಗೋದು. ಅಲ್ಲಿನ ನೇಕಾರರಿಗೆ ಕೂಲಿ ನೇಯ್ದ ಬಟ್ಟೆಯ ಮೇಲೆ, ದಾರ ತುಂಡಾದಷ್ಟೂ ಹೊಟ್ಟೆಗೆ ಖೋತಾ. ಪ್ರಾರ್ಥನೆ ಮಾಡುವಾಗ ದೇವರೇ ಹತ್ತಿ ಕಳಿಸು ಅಂದ್ರೆ, ಹಿಂದಿನಿಂದ ಯಾರೋ ಸೂರತ್ ಮಾತ್ರ ಬೇಡಪ್ಪ ಅಂದರಂತೆ, ಅಂತ ಒಂದು ಕತೆ ಅಲ್ಲಿ ಪ್ರಚಾರದಲ್ಲಿದೆ. ಸೂರತ್ ಅನ್ನೋದು ಅಲ್ಲಿ ಕಳಪೆ ಮಾಲು ಅನ್ನೋದಕ್ಕೆ ಬೈಗುಳವೇ ಆಗಿಹೋಯ್ತು.

ಅಲ್ಲಿ ಹಸಿವು, ಇಲ್ಲಿ ಸುಗ್ಗಿ. ಬೊಂಬಾಯಿಗೆ ಹಣ ಹರಿದು ಬಂತು. ಆ ಸುಗ್ಗಿಯ ರಾಜ ಪ್ರೇಮ್‌ಚಂದ್ ರಾಯ್‌ಚಂದ್, ಹುಟ್ಟಿದ್ದು ಸೂರತ್‌ನಲ್ಲಿ. ಹತ್ತಿಯ ದುಡ್ಡು ಷೇರಿಗೆ ತಿರುಗಿತು, ಸಮುದ್ರ ತುಂಬಿಸಿ ಭೂಮಿ ಮಾಡೋ ಕಂಪನಿಗಳ ಷೇರು ಆಕಾಶಕ್ಕೆ ಹೋಯ್ತು. ಯುದ್ಧ ಹೀಗೇ ನಡೀತಿರುತ್ತೆ ಅನ್ನೋದೇ ಎಲ್ಲರ ಬಿಸಿನೆಸ್ ಪ್ಲ್ಯಾನ್. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಒಂದು ಸಣ್ಣ ಊರಿನಲ್ಲಿ ಜನರಲ್ ಲೀ ಶರಣಾದ. ಹತ್ತಿಯ ಬೆಲೆ ಕುಸಿಯಿತು. ಆ ಬೇಸಿಗೆ ಮುಗಿಯೋದರೊಳಗೆ ಬೊಂಬಾಯಿಯ ವ್ಯಾಪಾರಿಗಳು ಸಾಲುಸಾಲಾಗಿ ದಿವಾಳಿ. ಪ್ರೇಮ್‌ಚಂದ್ ಕೂಡ ಮುಳುಗಿದರು, ಬ್ಯಾಂಕ್ ಆಫ್ ಬಾಂಬೆಯೂ ಕೊನೆಗೆ ಮುಚ್ಚಿತು. ಮುಂಬೈ ವಿಶ್ವವಿದ್ಯಾಲಯದ ಆವರಣದಲ್ಲಿರೋ ರಾಜಾಬಾಯಿ ಗಡಿಯಾರದ ಗೋಪುರ ನೋಡಿದ್ದೀರಲ್ಲ, ಅದು ಅವರು ಕೊಟ್ಟ ದೇಣಿಗೆ, ಅವರ ತಾಯಿಯ ಹೆಸರಿನದು.

ಈ ಕತೆ ಓದಿದಾಗ ನನ್ನ ತಲೆಗೆ ಹೊಕ್ಕಿದ್ದು ಒಂದೇ ವಿಷಯ. ಗದಗಿನ ರೈತ, ಸೂರತ್‌ನ ದಲಾಲಿ ಇಬ್ಬರೂ ಅಮೆರಿಕ ನೋಡಿದವರಲ್ಲ. ಆದ್ರೂ ಅವರ ಮನೆಯಲ್ಲಿ ಆ ವರ್ಷ ಮಗಳ ಮದುವೆ ಆಗುತ್ತೋ ಇಲ್ವೋ ಅನ್ನೋದು ಅಮೆರಿಕದಲ್ಲಿ ತೀರ್ಮಾನ ಆಗ್ತಿತ್ತು.

ಇದನ್ನ ಇಟ್ಟುಕೊಂಡು ಈಗಿನ ಸೂರತ್‌ಗೆ ಬನ್ನಿ. ಉಧ್ನಾದಿಂದ ಊರಿನ ಆಚೆ ದಿಕ್ಕಿಗೆ ಹೋದ್ರೆ ವರಾಛಾ, ಕತಾರ್‌ಗಾಮ್. ಜಗತ್ತಿನಲ್ಲಿ ಪಾಲಿಶ್ ಆಗೋ ಹತ್ತು ವಜ್ರಗಳಲ್ಲಿ ಸುಮಾರು ಒಂಬತ್ತು ಭಾರತದಲ್ಲಿ ಆಗುತ್ತವೆ, ಅದರಲ್ಲಿ ಹೆಚ್ಚಿನವು ಈ ಊರಿನಲ್ಲಿ. ಕೆಲಸ ಮಾಡೋರಿಗೆ ಇಲ್ಲಿ ರತ್ನಕಲಾಕಾರ್ ಅಂತ ಗೌರವದ ಹೆಸರಿದೆ. ಬಹುಪಾಲು ಸೌರಾಷ್ಟ್ರದ ಅಮ್ರೇಲಿ, ಭಾವನಗರ ಕಡೆಯವರು. ಮಳೆ ಕೈಕೊಟ್ಟ ಊರುಗಳಿಂದ ಬಂದ ರೈತರ ಮಕ್ಕಳು. ಇವರ ಮಾಲಿನ ಅತಿದೊಡ್ಡ ಗಿರಾಕಿ ಅಮೆರಿಕ.

ಅಮೆರಿಕದ ಹುಡುಗ ಮದುವೆಗೆ ಕೇಳುವಾಗ ವಜ್ರದುಂಗುರವನ್ನೇ ಯಾಕೆ ಕೊಡಬೇಕು? ಅದು ಅನಾದಿ ಕಾಲದ ಸಂಪ್ರದಾಯ ಏನಲ್ಲ. 1947ರಲ್ಲಿ ಡಿ ಬಿಯರ್ಸ್ ಕಂಪನಿಯ ಜಾಹೀರಾತಿಗೆ ಫ್ರಾನ್ಸಿಸ್ ಗೆರೆಟಿ ಅನ್ನೋ ಹೆಣ್ಣುಮಗಳು ಬರೆದ ನಾಲ್ಕು ಪದದ ಒಂದು ಸಾಲು, ವಜ್ರ ಅಂದ್ರೆ ಶಾಶ್ವತ ಅನ್ನೋ ಅರ್ಥದ್ದು, ಆ ರೂಢಿಯನ್ನ ಗಟ್ಟಿ ಮಾಡಿತು. ಅಲ್ಲಿನ ಮಧ್ಯಮವರ್ಗದ ಕನಸಿನಲ್ಲಿ ಮನೆ, ಕಾರು, ಉಂಗುರ ಮೂರೂ ಸೇರಿಕೊಂಡವು. ಆ ಉಂಗುರದ ಕಲ್ಲು ವರಾಛಾದಲ್ಲಿ ಒಬ್ಬನ ಅಡುಗೆಮನೆ ನಡೆಸುತ್ತೆ. ಅವನಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲ. ಅಮೆರಿಕದ ಮಂದಿ ಧೈರ್ಯವಾಗಿ ಮದುವೆ ಆಗ್ತಾ ಇರಲಿ ಅನ್ನೋದೇ ಅವನ ಅಮೆರಿಕನ್ ಡ್ರೀಮ್.

2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಬಿತ್ತು. ದೀಪಾವಳಿ ರಜೆಗೆ ಮುಚ್ಚಿದ ಸೂರತ್‌ನ ಎಷ್ಟೋ ವಜ್ರದ ಘಟಕಗಳು ರಜೆ ಮುಗಿದ ಮೇಲೆ ತೆರೆಯಲಿಲ್ಲ. ಜನ ಬಸ್ಸು ಹತ್ತಿ ಸೌರಾಷ್ಟ್ರಕ್ಕೆ ವಾಪಸ್ ಹೋದರು. ನಾವು ಆಗ ಕಾಲೇಜಿನಲ್ಲಿದ್ವಿ. ಕ್ಯಾಂಪಸ್ ಆಫರ್ ಲೆಟರ್ ಬರುತ್ತೋ ಇಲ್ವೋ ಅನ್ನೋದೊಂದೇ ನಮ್ಮ ಪ್ರಪಂಚ. 2023ರ ಜೂನಿನಲ್ಲಿ ಮೋದಿಯವರು ಜಿಲ್ ಬೈಡನ್ ಅವರಿಗೆ ಏಳೂವರೆ ಕ್ಯಾರೆಟ್ಟಿನ, ಲ್ಯಾಬ್‌ನಲ್ಲಿ ಬೆಳೆಸಿದ ಒಂದು ವಜ್ರ ಕೊಟ್ಟರು, ಅದು ಸೂರತ್‌ನದು. ಆ ಡಿಸೆಂಬರಿನಲ್ಲಿ ಊರ ಹೊರಗೆ ಸೂರತ್ ಡೈಮಂಡ್ ಬೋರ್ಸ್ ಉದ್ಘಾಟನೆ ಆಯ್ತು. ಕಚೇರಿ ಕಟ್ಟಡದ ವಿಸ್ತಾರದಲ್ಲಿ ಪೆಂಟಗನ್‌ಗಿಂತ ದೊಡ್ಡದು ಅಂತ ಇಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ. ಅಳತೆಗೋಲೂ ಅಮೆರಿಕದ್ದೇ, ನೋಡಿ. ಎರಡು ವರ್ಷ ತುಂಬೋ ಮುಂಚೆ, 2025ರ ಆಗಸ್ಟ್ 27ಕ್ಕೆ, ಭಾರತದ ಮಾಲಿನ ಮೇಲೆ ಅಮೆರಿಕ ಶೇ. 50ರಷ್ಟು ಸುಂಕ ಹಾಕಿತು. 1865ರಲ್ಲಿ ಲೀ ಶರಣಾದ, 2008ರಲ್ಲಿ ಬ್ಯಾಂಕ್ ಬಿತ್ತು, 2025ರಲ್ಲಿ ಒಂದು ಸಹಿ. ಗದಗಿನ ರೈತ ಕೂತಿದ್ದ ಜಾಗದಲ್ಲಿ ಈಗ ಅಮ್ರೇಲಿಯವ ಕೂತಿದ್ದಾನೆ.

ಗುಜರಾತ್ ಅಂದ ಕೂಡಲೇ ನೀವು ಪಟೇಲರ ಮೋಟೆಲ್ ಯಾಕೆ ಇನ್ನೂ ಬರಲಿಲ್ಲ ಅಂತ ಕಾಯ್ತಿದ್ದೀರಿ, ಗೊತ್ತು. ಡ್ರೈವ್ ಮಾಡ್ತಾ ಓಹಾಯೋದಲ್ಲೋ ಟೆನೆಸ್ಸೀಯಲ್ಲೋ ರಾತ್ರಿ ತಂಗಿದಾಗ ಕೌಂಟರಿನ ಹಿಂದಿನಿಂದ ವಗ್ಗರಣೆ ವಾಸನೆ ಬಂದ ಅನುಭವ ನಿಮ್ಮಲ್ಲಿ ಬಹಳ ಜನಕ್ಕಿದೆ. ಅದರ ಬೇರು ಇದೇ ದಕ್ಷಿಣ ಗುಜರಾತಿನ ಸೂರತ್, ನವಸಾರಿ, ಬಾರ್ಡೋಲಿ ಸೀಮೆ. ಮಹೇಂದ್ರ ದೋಶಿ ಅನ್ನೋರು ಬರೆದ ಇದರ ಇತಿಹಾಸದ ಹೆಸರೇ 'ಸೂರತ್ ಟು ಸ್ಯಾನ್ ಫ್ರಾನ್ಸಿಸ್ಕೋ'. ಶುರು ಮಾಡಿದವರಲ್ಲಿ ಮುಖ್ಯ ಅಂತ ಎಲ್ಲರೂ ಹೇಳೋದು ಕಾಂಜಿ ಮಂಛು ದೇಸಾಯಿ ಅವರ ಹೆಸರು. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಾಗದಪತ್ರ ಇಲ್ಲದೆ ಒಳಗೆ ಹೋದವರು. 1942ರಲ್ಲಿ ಅಮೆರಿಕ ಸರ್ಕಾರ ಜಪಾನಿ ಮೂಲದವರನ್ನ ಮನೆಮಠ ಬಿಡಿಸಿ ಕ್ಯಾಂಪುಗಳಿಗೆ ಹಾಕಿದಾಗ, ಸ್ಯಾಕ್ರಮೆಂಟೋದಲ್ಲಿ ಹಾಗೆ ಖಾಲಿಯಾದ ಒಂದು ಸಣ್ಣ ಹೋಟೆಲನ್ನು ನಡೆಸೋದಕ್ಕೆ ತಗೊಂಡರು. ಒಬ್ಬರ ಕನಸು ಮುರಿದ ಕೋಣೆಯಲ್ಲೇ ಇನ್ನೊಬ್ಬರ ಕನಸು ಚಾಪೆ ಹಾಸಿತು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ, ಹಿಂದಿನಿಂದ ಬಂದ ಊರಿನವರಿಗೆಲ್ಲ ಅವರು ಕೊಟ್ಟ ಸಲಹೆ ಒಂದೇ: ಕೂಲಿಗೆ ಹೋಗಬೇಡಿ, ಹೋಟೆಲ್ ಗುತ್ತಿಗೆ ಹಿಡೀರಿ.

1946ರಲ್ಲಿ ವರ್ಷಕ್ಕೆ ನೂರು ಭಾರತೀಯರು ಬರಬಹುದು ಅಂತ ಬಾಗಿಲು ಸೀಳು ಬಿಟ್ಟರು. ನೂರೇ. 1965ರ ಕಾನೂನಿನಿಂದ ನಿಜವಾಗಿ ತೆರೆಯಿತು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನ ಓಡಿಸಿದಾಗ ಇನ್ನಷ್ಟು ಗುಜರಾತಿಗಳು ಆ ಕಡೆ ಹೊರಟರು. ಪೆಟ್ರೋಲ್ ಬಿಕ್ಕಟ್ಟಿನಿಂದ ಹೆದ್ದಾರಿಯ ಮೋಟೆಲ್‌ಗಳು ಅಗ್ಗಕ್ಕೆ ಮಾರಾಟಕ್ಕಿದ್ದ ಕಾಲ. ಮುಂಗಡ ನೆಂಟರಿಂದ ಕೈಸಾಲ. ಕೌಂಟರಿನ ಹಿಂದೆಯೇ ಮನೆ, ಬಾಡಿಗೆ ಉಳೀತು. ಆಳು ಇಡಲ್ಲ, ಗಂಡ ಕೌಂಟರ್, ಹೆಂಡತಿ ಕೋಣೆ, ಮಕ್ಕಳು ಶಾಲೆ ಮುಗಿಸಿ ಟವೆಲ್ ಮಡಚೋದು. ಈ ಕನಸಿನ ಕತೆ ಹೇಳುವಾಗ ಯಾವಾಗಲೂ ಗಂಡಸರ ಹೆಸರೇ ಬರುತ್ತೆ. ಆ ಹಾಸಿಗೆ ಬಟ್ಟೆಗಳನ್ನ ಒಗೆದವರ ಹೆಸರು ಎಲ್ಲೂ ಸಿಗಲ್ಲ. ಎದುರಾಳಿ ಮೋಟೆಲ್‌ನವರು ಹೊರಗೆ 'ಅಮೆರಿಕನ್ ಓನ್ಡ್' ಅಂತ ಬೋರ್ಡು ಹಾಕಿದ್ರು, ವಿಮಾ ಕಂಪನಿಗಳು ವಿಮೆ ಕೊಡಲಿಲ್ಲ. 1989ರಲ್ಲಿ ಅಟ್ಲಾಂಟಾದಲ್ಲಿ ಇವರು ಸಂಘ ಕಟ್ಟಿಕೊಂಡರು. ಇವತ್ತು ಆ ಸಂಘದ ಲೆಕ್ಕದಲ್ಲಿ ಅಮೆರಿಕದ ಹೋಟೆಲ್‌ಗಳಲ್ಲಿ ಶೇ. 60ರಷ್ಟು ಅದರ ಸದಸ್ಯರದು.

ಈ ಯಶಸ್ಸಿಗೆ ಒಂದು ನೆರಳೂ ಇದೆ. ಊರಿಗೆ ಬರೋ ನೆಂಟರ ಕಾರು ನೋಡಿ ಹೊರಟವರ ಕತೆ. 2022ರ ಜನವರಿಯಲ್ಲಿ ಕೆನಡಾದ ಎಮರ್ಸನ್ ಹತ್ತಿರ, ಗಡಿಗೆ ಕೆಲವೇ ಮೀಟರ್ ದೂರದಲ್ಲಿ, ಮೈನಸ್ 35 ಡಿಗ್ರಿ ಚಳಿಯಲ್ಲಿ ಗಾಂಧಿನಗರ ಜಿಲ್ಲೆಯ ಡಿಂಗುಚಾ ಹಳ್ಳಿಯ ಒಂದು ಕುಟುಂಬ ಹೆಪ್ಪುಗಟ್ಟಿ ತೀರಿಕೊಂಡಿತು. ಗಂಡ, ಹೆಂಡತಿ, ಹನ್ನೊಂದರ ಮಗಳು, ಮೂರರ ಮಗ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನೆಯ ಸಿ-17 ವಿಮಾನ ಅಮೃತಸರಕ್ಕೆ 104 ಮಂದಿಯನ್ನ ಕೈಕೋಳ ಹಾಕಿ ತಂದು ಇಳಿಸಿತು. ಅದರಲ್ಲಿ 33 ಮಂದಿ ಗುಜರಾತಿನವರು. ಟಿವಿಯಲ್ಲಿ ಅದನ್ನ ನೋಡಿ ನಮ್ಮ ಐಟಿ ಮಂದಿ ಆಡಿದ ಮಾತು ನನಗೆ ನೆನಪಿದೆ: ನಾವು ಕಾನೂನು ಪ್ರಕಾರ ಹೋಗೋರು, ಅವರು ಬೇರೆ. ಕಾನೂನಿನ ವ್ಯತ್ಯಾಸ ನಿಜ, ಅದನ್ನ ನಾನೂ ಒಪ್ತೀನಿ. ಆದ್ರೆ ಕಾಂಜಿ ದೇಸಾಯಿ ಹೋದಾಗಲೂ ಕಾಗದ ಇರಲಿಲ್ಲ. ಹೊತ್ತು ಚೆನ್ನಾಗಿತ್ತು, ಅಷ್ಟೇ.

ಈಗ ನಮ್ಮ ಸರದಿ, ಅಂದ್ರೆ ಕನ್ನಡದ ಐಟಿ ಮಂದಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, 1990ರ ಕಾನೂನಿನಲ್ಲಿ ಎಚ್-1ಬಿ ಹುಟ್ಟಿತು, ವೈಟುಕೆ ಹೊತ್ತಿಗೆ ನಮ್ಮ ಬೀದಿಗೊಬ್ಬ ಅಮೆರಿಕದಲ್ಲಿದ್ದ. ವರ್ಷಕ್ಕೆ 65,000 ವೀಸಾ, ಅಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000, ಉಳಿದದ್ದು ಲಾಟರಿ. ಇದೆಲ್ಲ ನಿಮಗೆ ಬಾಯಿಪಾಠ. ನಾನು ಹೇಳಬೇಕಾದ್ದು ಬೇರೆ. ಅಮೆರಿಕದ ಭಾರತೀಯರು ಅಂದಾಗ ನಾವು ನಮ್ಮನ್ನ ಪಟೇಲರ ಪಕ್ಕದಲ್ಲಿ, ಬಹಳ ಸಲ ಒಂದು ಮೆಟ್ಟಿಲು ಮೇಲೆ, ನಿಲ್ಲಿಸಿಕೊಳ್ತೀವಿ. ಓದಿದವರಲ್ವಾ. ಆದ್ರೆ ಉಧ್ನಾದಲ್ಲಿ ಎರಡು ವರ್ಷ ಕೂತು ನೋಡಿದ ಮೇಲೆ, ನಮ್ಮ ಸಾಲು ಅದಲ್ಲ ಅನ್ನಿಸ್ತಿದೆ. ನಮ್ಮ ಸಾಲು ಬ್ರಹ್ಮಪುರದ ರೈಲಿನಿಂದ ಇಳಿಯುವವರ ಸಾಲು.

ಗಂಜಾಂನವರ ವಲಸೆಗೆ ಬಹಳ ಹಳೇ ಇತಿಹಾಸ ಇದೆ. ಬ್ರಿಟಿಷರ ಕಾಲದಲ್ಲಿ ಗೋಪಾಲ್‌ಪುರ ಬಂದರಿನಿಂದ ಸ್ಟೀಮರ್ ಹತ್ತಿ ರಂಗೂನ್‌ಗೆ ಹೋಗ್ತಿದ್ರು, ಅಕ್ಕಿ ಗಿರಣಿ, ಹಡಗುಕಟ್ಟೆ ಕೆಲಸಕ್ಕೆ. ಆ ಕಾಲಕ್ಕೆ ಅವರ ಅಮೆರಿಕ ರಂಗೂನ್. 1941-42ರಲ್ಲಿ ಜಪಾನಿನವರು ಬರ್ಮಾಕ್ಕೆ ನುಗ್ಗಿದಾಗ ಅದು ಮುಗೀತು. ಮುಂದೆ ಸೂರತ್ ಸಿಕ್ಕಿತು. ಉಧ್ನಾ, ಪಾಂಡೇಸರಾ, ಲಿಂಬಾಯತ್, ಸಚಿನ್‌ನ ಪವರ್‌ಲೂಮ್‌ಗಳಲ್ಲಿ ಈಗ ಲಕ್ಷಗಟ್ಟಲೆ ಒಡಿಯಾ ಮಂದಿ. ನೀವು ಮದುವೆಗೆ ಕೊಡೋ ಪಾಲಿಯೆಸ್ಟರ್ ಸೀರೆ ಇವರ ಕೈಯದು. ಕೂಲಿ ಮೀಟರ್ ಲೆಕ್ಕ. ಲಂಕಾಶೈರಿನವನ ಹಾಗೇ, ದಾರ ಕಡಿದರೆ ದುಡ್ಡು ಕಡಿದ ಹಾಗೆ. ವರ್ಷಗಟ್ಟಲೆ ನಿಂತವರಿಗೆ ಕಿವಿ ಕೇಳೋದು ಕಮ್ಮಿಯಾಗುತ್ತೆ, ಹೋಟೆಲಿನಲ್ಲಿ ಕೂತು ಪಿಸುಮಾತನ್ನೂ ಕೂಗಿ ಆಡ್ತಾರೆ. ಇರೋದು 'ಮೆಸ್' ಅನ್ನೋ ಕೋಣೆಗಳಲ್ಲಿ. ಹಗಲು ಶಿಫ್ಟಿನವನು ಎದ್ದು ಹೋದ ಜಾಗದಲ್ಲೇ ರಾತ್ರಿ ಶಿಫ್ಟಿನವನು ಬಂದು ಮಲಗ್ತಾನೆ. ಹೆಂಡತಿ ಮಕ್ಕಳು ಊರಲ್ಲಿ.

ನಾವು ಇವರಂತೆ ಕಷ್ಟದಲ್ಲಿದ್ದೀವಿ ಅಂತ ನಾನು ಹೇಳ್ತಿಲ್ಲ, ಅಂಥ ಮಾತು ಆಡಿದ್ರೆ ಬಾಯಿಗೆ ಹುಳ ಬೀಳುತ್ತೆ. ಎಸಿ ಕೋಣೆಯಲ್ಲಿ ಕೂತು ಸ್ಟೋರಿ ಪಾಯಿಂಟ್ ಎಣಿಸೋನಿಗೂ ಮೀಟರ್ ಎಣಿಸೋನಿಗೂ ಆಕಾಶ-ಭೂಮಿ ಅಂತರ. ನಾನು ಹೇಳ್ತಿರೋದು ಕನಸಿನ ಕಟ್ಟಡದ ಬಗ್ಗೆ. ಪಟೇಲರು ಹೋದದ್ದು ಬಾಗಿಲಿನ ಕೀಲಿ ತಮ್ಮ ಕೈಗೆ ಬರಲಿ ಅಂತ. ನಾವು ಹೋದದ್ದು, ಗಂಜಾಂನವರು ಬಂದದ್ದು, ಇನ್ನೊಬ್ಬರ ಯಂತ್ರದ ಮುಂದೆ ನಿಂತು ಊರಿಗೆ ಕಳಿಸೋಕೆ. ನಮ್ಮ ವೀಸಾ ಮಾಲೀಕನ ಹೆಸರಿಗೆ ಕಟ್ಟಿರುತ್ತೆ, ಕೆಲಸ ಹೋದ್ರೆ 60 ದಿನದಲ್ಲಿ ಇನ್ನೊಬ್ಬ ಮಾಲೀಕ ಸಿಗಬೇಕು, ಇಲ್ಲಾಂದ್ರೆ ಪೆಟ್ಟಿಗೆ ಕಟ್ಟಬೇಕು. ಇನ್ನು ಎರಡು ವರ್ಷ, ಆಮೇಲೆ ಊರು ಅನ್ನೋ ಮಾತು ಇಬ್ಬರ ಬಾಯಲ್ಲೂ ಒಂದೇ. ನಾನು ಅದನ್ನ ಕನ್ನಡದಲ್ಲಿ ಎಷ್ಟು ಸಲ ಕೇಳಿದ್ದೀನೋ, ಕೆಳಗಿನ ಚಹಾದಂಗಡಿಯಲ್ಲಿ ಒಡಿಯಾ ಬೆರೆತ ಹಿಂದಿಯಲ್ಲೂ ಅಷ್ಟೇ ಸಲ ಕೇಳಿದ್ದೀನಿ.

ನನ್ನ ಎಂಟೆಕ್ ಕಾಲದ ರೂಮ್‌ಮೇಟ್ ಒಬ್ಬ ಡಲ್ಲಾಸ್ ಹತ್ತಿರ ಇದ್ದಾನೆ. ಹೆಸರು ಬೇಡ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತಿದ್ದು 2016ರಲ್ಲಿ. ಒಂದು ದೇಶದವರಿಗೆ ಶೇ. 7ಕ್ಕಿಂತ ಹೆಚ್ಚು ಕೊಡಬಾರದು ಅನ್ನೋ ನಿಯಮ ಇರೋದರಿಂದ, ನಮ್ಮಂಥವರ ವರ್ಗದಲ್ಲಿ 2025ರ ಕೊನೆಗೆ 2013ರಲ್ಲಿ ಸಾಲು ಸೇರಿದ ಭಾರತೀಯರ ಸರದಿ ನಡೀತಿತ್ತು. ಸಾಲು ವರ್ಷಕ್ಕೆ ಒಂದು ವರ್ಷ ಮುಂದೆ ಹೋಗಲ್ಲ, ಕೆಲವು ಸಲ ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತೆ, ಹಿಂದಕ್ಕೂ ಹೋಗುತ್ತೆ. ಅವನ ದೊಡ್ಡ ಮಗಳು ಹುಬ್ಬಳ್ಳಿಯಲ್ಲಿ ಹುಟ್ಟಿದವಳು, ಈಗ ಹದಿನೈದು. 21 ತುಂಬೋದರೊಳಗೆ ಅಪ್ಪನ ಸರದಿ ಬರದಿದ್ದರೆ ಅವಳು ಅಪ್ಪನ ಕಾಗದದ ನೆರಳಿನಲ್ಲಿ ಅಲ್ಲಿ ಇರುವಂತಿಲ್ಲ. ತಂಗಿ ಅಲ್ಲೇ ಹುಟ್ಟಿದವಳು, ಅವಳಿಗೆ ಈ ತಾಪತ್ರಯ ಇಲ್ಲ. ಒಂದೇ ಮನೆ, ಒಂದೇ ಡೈನಿಂಗ್ ಟೇಬಲ್, ಎರಡು ದೇಶ. ಅವನ ಹೆಂಡತಿ ಒಂದು ಸಲ ಫೋನಿನಲ್ಲಿ ನನ್ನ ಹೆಂಡತಿಗೆ ಹೇಳಿದ್ದು: "ನಾವು ಬಂದದ್ದ ಮಕ್ಕಳ ಸಲುವಾಗಿ ಅಂತೇವಿ ನೋಡವಾ, ಈಗ ಮಕ್ಕಳನ್ನ ಹೆಂಗ ಪಾಲು ಮಾಡೂದು ತಿಳೀವಲ್ತು."

ನಮ್ಮ ಮನೆಯಲ್ಲೂ ಈ ಮಾತು ಬಗೆಹರಿದಿಲ್ಲ. ಗದಗಿನಿಂದ ಅವ್ವ ಪ್ರತಿ ಭಾನುವಾರ ಕೇಳ್ತಾಳೆ, "ಅಮೆರಿಕಾಕ್ಕ ಯಾವಾಗ ಹೊಂಟಿ? ಎಲ್ಲಾರ ಮಕ್ಕಳು ಹೋದ್ರು." ನನ್ನ ಕಂಪನಿ ಹೋಗ್ತೀಯಾ ಅಂತ ಕೇಳಿತ್ತು, ಸೆಪ್ಟೆಂಬರ್ ಆದ ಮೇಲೆ ಆ ಸುದ್ದಿ ಎತ್ತಿಲ್ಲ. ಹೆಂಡತಿಯ ಅಭಿಪ್ರಾಯ ಚುಟುಕು: ನನ್ನ ನೌಕರಿ ಬಿಟ್ಟು ನಿನ್ನ ವೀಸಾದ ಬಾಲ ಹಿಡ್ಕೊಂಡು ನಾನ್ಯಾಕೆ ಬರಲಿ? ಅವಳ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೇ ಉತ್ತರ ಇಲ್ಲ. ಪಟೇಲರ ಮೋಟೆಲ್‌ನಲ್ಲಿ ಕನಿಷ್ಠ ಪಕ್ಷ ಹೆಂಡತಿಯ ದುಡಿಮೆಗೆ ಜಾಗ ಇತ್ತು. ನಮ್ಮಲ್ಲಿ ಎಷ್ಟು ಎಂಜಿನಿಯರ್ ಹೆಣ್ಣುಮಕ್ಕಳು ವರ್ಷಗಟ್ಟಲೆ ಕೆಲಸದ ಪರವಾನಗಿ ಇಲ್ಲದೆ ಅಲ್ಲಿ ಮನೆಯಲ್ಲಿ ಕೂತಿದ್ದಾರೆ, ನಿಮ್ಮ ಬಳಗದಲ್ಲೇ ಎಣಿಸಿ ನೋಡಿ.

ನಡುವೆ ಒಂದು ಸಣ್ಣ ವಿಷಯ. ಉಧ್ನಾದಿಂದ ಮಂಗಳೂರಿಗೂ ಕೊಂಕಣ ರೈಲ್ವೆಯ ಮೇಲೆ ಸ್ಪೆಷಲ್ ರೈಲು ಬಿಡ್ತಾರೆ. ಒಮ್ಮೆ ಅದರಲ್ಲಿ ಹೋಗುವಾಗ ಕುಂದಾಪುರದ ಕಡೆಯ, ಇಲ್ಲಿ ದೋಸೆ ಹೋಟೆಲ್ ನಡೆಸೋ ಹಿರಿಯರೊಬ್ಬರು ಸಿಕ್ಕಿದ್ದರು. ಹುಡುಗ ಆಗಿದ್ದಾಗ ಬೊಂಬಾಯಿಗೆ ಹೋಗಿ ಲೋಟ ತೊಳೆದು, ಆಮೇಲೆ ಸೂರತ್‌ಗೆ ಬಂದು ಸ್ವಂತ ಮಾಡಿದವರು. "ಅಮೆರಿಕಾ ಎಂತಕ್ಕೆ ಮಾರಾಯ್ರೆ, ನಂಗೆ ಬೊಂಬಾಯೇ ಅಮೆರಿಕಾ ಆಗಿತ್ತು" ಅಂದರು. ಅವರ ಮಗ ಮಾತ್ರ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್. ಅಪ್ಪ ಕೀಲಿ ಸಂಪಾದಿಸಿದರು, ಮಗ ಮತ್ತೆ ಸಾಲಿಗೆ ಹೋಗಿ ನಿಂತ.

ಇದನ್ನೆಲ್ಲ ಮಾತಾಡಬೇಕು ಅಂತ ಅನ್ನಿಸಿದ್ದಕ್ಕೆ ಕಾರಣ, ಹಿಂದಿನ ಶೆಡ್‌ನಲ್ಲಿ ಕೆಲಸ ಮಾಡೋ ಗಂಜಾಂನ ಒಬ್ಬರು. ಇಪ್ಪತ್ತೆರಡು ವರ್ಷದಿಂದ ಸಾಂಚಾ ಮುಂದೆ ನಿಂತವರು. ಮಗ ಬ್ರಹ್ಮಪುರದಲ್ಲಿ ಎಂಜಿನಿಯರಿಂಗ್ ಕೊನೇ ವರ್ಷ, ಕಂಪ್ಯೂಟರ್ ಸೈನ್ಸ್. ಅವನಿಗೆ ಅಮೆರಿಕದಲ್ಲಿ ಎಂಎಸ್ ಮಾಡಬೇಕಂತೆ. ಏಜೆಂಟ್ ಒಬ್ಬ 40 ಲಕ್ಷ ಸಾಲ ಕೊಡಿಸ್ತೀನಿ ಅಂದಿದ್ದಾನೆ, ಊರಿನ ಮನೆ ಅಡವಿಡಬೇಕು. "ಸರ್, ನೀವು ಆ ಲೈನಿನವರು, ನೀವು ಹೇಳಿ" ಅಂತ ಚಹಾದಂಗಡಿಯಲ್ಲಿ ನನ್ನ ಪಕ್ಕ ಬಂದು ಕೂತರು.

ಹೋಗಬೇಡ ಅಂತ ಹೇಳೋಕೆ ನಾನ್ಯಾರು? ಹೋಗು ಅನ್ನೋಕೂ ನಾಲಿಗೆ ಬರಲಿಲ್ಲ. ಗೊತ್ತಿದ್ದದ್ದನ್ನ ಬಿಲ್ಲಿನ ಹಿಂದೆ ಬರೆದು ಕೊಟ್ಟೆ. ಅಲ್ಲೇ ಓದಿ ಅಲ್ಲೇ ವೀಸಾ ಬದಲಿಸಿಕೊಳ್ಳೋರಿಗೆ ಆ ಒಂದು ಲಕ್ಷ ಡಾಲರ್ ಅನ್ವಯ ಆಗಲ್ಲ ಅಂತ ಅಕ್ಟೋಬರಿನಲ್ಲಿ ಸ್ಪಷ್ಟನೆ ಬಂದಿದೆ. ಆದ್ರೆ ಲಾಟರಿ ಲಾಟರಿಯೇ. ಓದು ಮುಗಿದ ಮೇಲೆ ಕೆಲಸ ಹುಡುಕೋಕೆ ಇರೋ ಕಾಲ ಇಷ್ಟು. ಸಾಲದ ಬಡ್ಡಿ ಮೊದಲ ತಿಂಗಳಿಂದಲೇ ಓಡುತ್ತೆ, ಕಂತು ಇಷ್ಟಾಗುತ್ತೆ. ಏಜೆಂಟನ ಕೈಗೆ ಮನೆ ಪತ್ರ ಕೊಡಬೇಡಿ, ನನ್ನ ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ಮೊದಲು ಅವಳ ಹತ್ತಿರ ಬನ್ನಿ.

ಅವರು ಬಡ್ಡಿ ಲೆಕ್ಕವನ್ನ ನನಗಿಂತ ಬೇಗ ಹಿಡಿದರು. ಆಮೇಲೆ ಕೇಳಿದ ಪ್ರಶ್ನೆ ಮಾತ್ರ ನಾನು ಎಣಿಸದಿದ್ದದ್ದು: ಅಲ್ಲಿ ಸೇಠ್ ಸರಿಯಿಲ್ಲ ಅಂದ್ರೆ ಬೇರೆ ಸೇಠ್ ಹತ್ತಿರ ಹೋಗಬಹುದಾ?

"ಹೋಗಬಹುದು, ಹೊಸ ಸೇಠ್ ಅರ್ಜಿ ಹಾಕಬೇಕು. ಹಳೆಯವನು ತೆಗೆದು ಹಾಕಿದ್ರೆ 60 ದಿನದೊಳಗೆ ಸಿಗಬೇಕು" ಅಂದೆ.

"ನಾನು ಇಲ್ಲಿ ಹನ್ನೊಂದು ಸೇಠ್ ಬದಲಾಯಿಸಿದೆ. ಒಂದೊಂದು ಸಲಕ್ಕೂ ಒಂದೊಂದು ಸಂಜೆ ಸಾಕಾಯ್ತು" ಅಂದರು, ಜೋರಾಗಿ. ಅಂಗಡಿಯವರೆಲ್ಲ ತಿರುಗಿ ನೋಡಿದರು. ಏಳು ಗಂಟೆ ಆಗಿತ್ತು, ಅವರದು ಆ ವಾರ ರಾತ್ರಿ ಶಿಫ್ಟ್, ನನ್ನದು ಸ್ಟ್ಯಾಂಡಪ್. ಬಿಲ್ಲನ್ನ ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಮಗನ ಕೈಲಿ ಫೋನ್ ಮಾಡಿಸ್ತೀನಿ ಅಂತ ಹೇಳಿ ಹೋದರು. ಅವನು ನಿನ್ನೆ ಮೆಸೇಜ್ ಹಾಕಿದ್ದಾನೆ, ಈ ಶನಿವಾರ ಮಾತಾಡೋದಿದೆ. ನಿಮ್ಮಲ್ಲಿ ಯಾರಾದರೂ ಈ ಒಂದೆರಡು ವರ್ಷದಲ್ಲಿ ಎಂಎಸ್ ಮುಗಿಸಿ ಅಲ್ಲಿ ಕೆಲಸ ಹುಡುಕಿದವರಿದ್ದರೆ, ಆ ಹುಡುಗನ ಜೊತೆ ಹತ್ತು ನಿಮಿಷ ಹಿಂದಿಯಲ್ಲಿ ಮಾತಾಡೋಕೆ ಆಗುತ್ತಾ ಅಂತ ನನಗೆ ತಿಳಿಸಿ.